ಗೆಳೆಯರ ಜೊತೆ ಎರಡು ದಿನದ ನಗರ ಸುತ್ತಾಟ: ಊಟ, ನೋಟ, ಬಿಲ್ಲು, ಜಗಳ – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಗುಂಪಿನಲ್ಲಿ ಟಿಕೆಟ್ ಬುಕ್ ಮಾಡುವ ಕೆಲಸ ಯಾವಾಗ ನನ್ನ ಕೊರಳಿಗೆ ಬಿತ್ತೋ ನೆನಪಿಲ್ಲ. ಒಂದು ಸಲ ಮಾಡಿದೆ, ಅಷ್ಟೇ. ಆಮೇಲೆ ಅದು ನನ್ನ ಹೆಸರಿಗೇ ಖಾತೆಯಾಗಿಹೋಯಿತು. ಈಗ ಗೆಳೆಯರ ಗೆಳೆಯರೂ ಫೋನ್ ಮಾಡಿ ಕೇಳುತ್ತಾರೆ: ಎರಡು ದಿನ ರಜೆ ಸಿಕ್ಕಿದೆ, ಐದು ಜನ ಇದ್ದೀವಿ, ಒಂದು ಊರು ನೋಡಿ ಬರಬೇಕು, ಹೇಗೆ? ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ. ಇದು ವಾರಾಂತ್ಯದ, ಹೆಚ್ಚೆಂದರೆ ಮೂರು ದಿನದ ಸುತ್ತಾಟಕ್ಕೆ ಮಾತ್ರ. ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ಲೆಕ್ಕವೇ ಬೇರೆ.

ಎಷ್ಟು ಜನ ಹೋದರೆ ಚೆನ್ನ?

ನಾಲ್ಕು. ಒಂದೇ ಮೇಜಿಗೆ ಸಾಕು, ಒಂದೇ ಟ್ಯಾಕ್ಸಿಗೆ ಸಾಕು, ಎರಡು ರೂಮಿಗೆ ಸಾಕು. ಐದು ಆದರೂ ನಡೆಯುತ್ತದೆ. ಆರು ದಾಟಿತೆಂದರೆ ಅದು ಸುತ್ತಾಟವಲ್ಲ, ದಿಬ್ಬಣ.

ಇದು ಬರೀ ಮೇಜಿನ ಮಾತಲ್ಲ. ನಾಲ್ಕು ಜನರಲ್ಲಿ ಇಬ್ಬಿಬ್ಬರ ಜೋಡಿ ಎಣಿಸಿದರೆ 6 ಬರುತ್ತವೆ. ಏಳು ಜನರಲ್ಲಿ 21. ಪ್ರತಿಯೊಂದು ಜೋಡಿಗೂ ಅದರದ್ದೇ ಆದ ಇಷ್ಟ, ಮುನಿಸು, ಹಳೇ ಬಾಕಿ ಇರುತ್ತದೆ. ಜನ ದುಪ್ಪಟ್ಟಾಗುವ ಮೊದಲೇ ತಾಪತ್ರಯ ಮೂರೂವರೆ ಪಟ್ಟಾಗಿರುತ್ತದೆ. ಎಂಟು ಜನ ಹೋಗಲೇಬೇಕಾದರೆ ನಾಲ್ಕು-ನಾಲ್ಕರ ಎರಡು ಗುಂಪು ಅಂದುಕೊಂಡೇ ಹೊರಡಿ, ರಾತ್ರಿ ಊಟಕ್ಕೆ ಸೇರಿದರಾಯಿತು.

ಪ್ಲಾನು ಎಲ್ಲಿಂದ ಶುರು ಮಾಡೋದು? ನೋಡೋ ಜಾಗಗಳ ಪಟ್ಟಿ ಮಾಡ್ಕೊಂಡು ಕೂತಿದೀವಿ.

ಪಟ್ಟಿ ಪಕ್ಕಕ್ಕಿಡಿ. ಮೊದಲು ಊಟದ ಹೊತ್ತು ಗೊತ್ತು ಮಾಡಿ, ನೋಡುವುದನ್ನು ಅದರ ಸುತ್ತ ಹೊಂದಿಸಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಮಾಡುತ್ತಿದ್ದೆ.

ಒಂದು ಸಲ ಏಳು ಜನ ಹೋಗಿದ್ದೆವು. ಬೆಳಿಗ್ಗೆಯಿಂದ ಮೂರು ಸ್ಥಳ ಮುಗಿಸಿ "ಇನ್ನೊಂದು ನೋಡಿಬಿಡೋಣ, ಆಮೇಲೆ ಆರಾಮಾಗಿ ತಿನ್ನೋಣ" ಅಂತ ನಾನೇ ಅಂದಿದ್ದು. ಹೊರಗೆ ಬಂದಾಗ ಮೂರೂಕಾಲು. ಫುಟ್‌ಪಾತಿನ ಮೇಲೆ ಸಾಲಾಗಿ ನಿಂತು ಏಳೂ ಜನ ಫೋನಿನೊಳಗೆ ತಲೆ ಹಾಕಿದ್ದೆವು. ಒಬ್ಬ 4.3 ಇರುವ ಜಾಗ ಹೇಳಿದ, ಇನ್ನೊಬ್ಬಳು ಅದಕ್ಕಿಂತ 4.6 ಇರುವುದು ಹತ್ತು ನಿಮಿಷದ ನಡಿಗೆಯಲ್ಲಿದೆ ಅಂದಳು. ಹತ್ತು ನಿಮಿಷ ನಡೆದು ಹೋದರೆ ಹುಡುಗನೊಬ್ಬ ಕುರ್ಚಿಗಳನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಏರಿಸುತ್ತಿದ್ದ. ನಮ್ಮನ್ನು ನೋಡಿದವನು ಏನೂ ಮಾತಾಡದೆ ನೆಲ ಒರೆಸುವ ಕೋಲು ಕೈಗೆತ್ತಿಕೊಂಡ. ಅಡುಗೆಮನೆ ಮುಚ್ಚಿತ್ತು, ಇನ್ನು ತೆರೆಯುವುದು ಸಂಜೆಗೆ. ಅವತ್ತು ಬೆಳಿಗ್ಗೆ ನೋಡಿದ ಮೂರು ಸ್ಥಳಗಳ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಆ ಕುರ್ಚಿಗಳ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ.

ಬಹಳ ಊರುಗಳಲ್ಲಿ ಮಧ್ಯಾಹ್ನಕ್ಕೂ ರಾತ್ರಿಗೂ ನಡುವೆ ಅಡುಗೆಮನೆಗೆ ಬಿಡುವು ಇರುತ್ತದೆ. ಆ ಹೊತ್ತು ಊರಿಂದೂರಿಗೆ ಬೇರೆ. ಹೋಗುವ ಊರಿನಲ್ಲಿ ಜನ ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂದು ಹೊರಡುವ ಮೊದಲೇ ತಿಳಿದುಕೊಂಡರೆ ಅರ್ಧ ಪ್ಲಾನು ಮುಗಿದಂತೆ. ಮಧ್ಯಾಹ್ನದ ಊಟಕ್ಕೆ ಅಲ್ಲಿನವರಿಗಿಂತ ಅರ್ಧ ಗಂಟೆ ಮೊದಲು ಹೋಗಿ ಕೂರಿ. ಜಾಗ ಸಿಗುತ್ತದೆ, ಬಡಿಸುವವರಿಗೂ ತಾಳ್ಮೆ ಇರುತ್ತದೆ.

"ಏನಾದ್ರೂ ಪರವಾಗಿಲ್ಲ, ನೀವೇ ಹೇಳಿ" ಅನ್ನೋರನ್ನ ಏನು ಮಾಡೋದು?

ಅವರೇ ಅಪಾಯಕಾರಿ. ಬೇಡ ಅನ್ನುವವನ ಜೊತೆ ಏಗಬಹುದು, ಪರವಾಗಿಲ್ಲ ಅನ್ನುವವನ ಜೊತೆ ಆಗುವುದಿಲ್ಲ.

ಜೆರ‍್ರಿ ಹಾರ್ವಿ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು 1974ರಲ್ಲಿ ತಮ್ಮ ಮನೆಯದೇ ಒಂದು ಪ್ರಸಂಗ ಬರೆದರು. ಟೆಕ್ಸಸ್‌ನ ಸುಡುಬೇಸಿಗೆ. ಮನೆಮಂದಿ ನೆರಳಲ್ಲಿ ಕೂತು ಆಟವಾಡುತ್ತಿದ್ದಾರೆ. ಮಾವನವರು ಇದ್ದಕ್ಕಿದ್ದಂತೆ "ಅಬಿಲೀನ್‌ಗೆ ಹೋಗಿ ಊಟ ಮಾಡೋಣವಾ?" ಅನ್ನುತ್ತಾರೆ. 53 ಮೈಲಿ ದೂರ, ಎ.ಸಿ. ಇಲ್ಲದ ಕಾರು. ಹೆಂಡತಿ ಆಗಲಿ ಅಂದಳು, ಇವರೂ ಆಗಲಿ ಅಂದರು, ಅತ್ತೆಯೂ ಆಗಲಿ ಅಂದರು. ಧೂಳಲ್ಲಿ ಬೆಂದು, ರುಚಿಯಿಲ್ಲದ್ದನ್ನು ತಿಂದು, ನಾಲ್ಕು ತಾಸು ಕಳೆದ ಮೇಲೆ ಮನೆಗೆ ಬಂದು ಕೂತಾಗ ಗೊತ್ತಾಯಿತು: ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಹೋಗೋಣವಾ ಅಂದ ಮಾವನಿಗೂ ಇರಲಿಲ್ಲ. ನಿಮಗೆಲ್ಲ ಬೇಜಾರಾಗಿರಬಹುದು ಅಂತ ಅವರು ಹೇಳಿದ್ದಂತೆ. ಇದಕ್ಕೆ ಅಬಿಲೀನ್ ಪ್ಯಾರಡಾಕ್ಸ್ ಎಂದೇ ಹೆಸರು ಬಿದ್ದಿದೆ. ಗೆಳೆಯರ ಗುಂಪುಗಳು ವರ್ಷಕ್ಕೆ ನಾಲ್ಕು ಸಲವಾದರೂ ಅಬಿಲೀನ್‌ಗೆ ಹೋಗಿ ಬರುತ್ತವೆ.

ನಮ್ಮಲ್ಲಿ ಈಗ ಒಂದು ಹೊತ್ತಿಗೆ ಒಬ್ಬ ಯಜಮಾನ. ಶನಿವಾರ ಮಧ್ಯಾಹ್ನದ್ದು ಇವನದು, ರಾತ್ರಿಯದು ಅವಳದು, ಭಾನುವಾರ ಬೆಳಗಿನದು ಇನ್ನೊಬ್ಬನದು. ಅವನು ಹೇಳಿದಲ್ಲಿಗೆ ಎಲ್ಲರೂ ಹೋಗಬೇಕು. ಇಡೀ ಪ್ರವಾಸದಲ್ಲಿ ತಲೆಗೊಂದು ಸಲ "ಬೇಡ" ಅನ್ನುವ ಹಕ್ಕು ಉಂಟು. ಅದನ್ನು ಮೊದಲ ದಿನವೇ ಖರ್ಚು ಮಾಡಿಕೊಂಡವರು ಆಮೇಲೆ ಸುಮ್ಮನಿರಬೇಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಟು ಹಾಕಿಸುವುದನ್ನೂ ಮಾಡಿ ನೋಡಿದ್ದೇವೆ. ಐದು ಆಯ್ಕೆಗೆ ಐದು ಓಟು ಬಿದ್ದವು.

ದಿನಕ್ಕೆ ಎಷ್ಟು ಜಾಗ ನೋಡಬಹುದು?

ದೊಡ್ಡದು ಒಂದು, ಸಣ್ಣದು ಎರಡು. ದೊಡ್ಡದು ಅಂದರೆ ಒಳಗೆ ಹೋಗಿ ಎರಡು ಗಂಟೆಯಾದರೂ ಬೇಕಾಗುವಂಥದ್ದು: ಅರಮನೆ, ಕೋಟೆ, ದೊಡ್ಡ ಮ್ಯೂಸಿಯಂ. ಸಣ್ಣದು ಅಂದರೆ ಚೌಕ, ಮಾರುಕಟ್ಟೆ, ಸೇತುವೆ, ಒಂದು ಹಳೇ ಬೀದಿ.

ಪೂರ್ತಿ ನೋಡಬೇಕೆಂಬ ಹಟವಿದ್ದರೆ ಒಂದು ಲೆಕ್ಕ ಹೇಳುತ್ತೇನೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿರುವುದು ಸುಮಾರು 35,000 ವಸ್ತುಗಳು. ತಲಾ ಅರ್ಧ ನಿಮಿಷ ಕೊಟ್ಟರೂ ಹಗಲೂ ರಾತ್ರಿ ನಿದ್ದೆಯಿಲ್ಲದೆ ಹನ್ನೆರಡು ದಿನ ಬೇಕು. ಅಲ್ಲಿಗೆ ಹೋದವರೆಲ್ಲ ಮುಗಿಬೀಳುವ ಮೊನಾಲಿಸಾ ಚಿತ್ರ ಇರುವುದು 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಮುಂದಿನವರು ಎತ್ತಿ ಹಿಡಿದ ಫೋನುಗಳ ಸಂದಿಯಲ್ಲಿ ಅದನ್ನು ನೋಡಬೇಕು.

ಮ್ಯೂಸಿಯಂನಲ್ಲಿ ಕಾಲಿಗಿಂತ ಮೊದಲು ಕಣ್ಣು ಸೋಲುತ್ತದೆ ಅನ್ನಿಸಿದರೆ ಅದು ನಿಮ್ಮ ಸೋಮಾರಿತನವಲ್ಲ. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಈ ದಣಿವಿನ ಬಗ್ಗೆ ಲೇಖನ ಬರೆದಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ವಸ್ತು ನೋಡಲು, ಚೀಟಿ ಓದಲು ಮನುಷ್ಯ ಹೇಗೆಲ್ಲ ಬಗ್ಗಬೇಕು, ಕುಕ್ಕರಿಸಬೇಕು, ಕತ್ತು ತಿರುಚಬೇಕು ಎಂದು ಒಬ್ಬಾತನನ್ನು ನಿಲ್ಲಿಸಿ ಫೋಟೋ ತೆಗೆಸಿ ತೋರಿಸಿದ್ದರು. ನೂರು ವರ್ಷ ಕಳೆದರೂ ಚೀಟಿಗಳು ಇನ್ನೂ ಮೊಣಕಾಲೆತ್ತರದಲ್ಲೇ ಇವೆ. ಹಾಗಾಗಿ ಎರಡು ಕೋಣೆ ಆರಿಸಿಕೊಳ್ಳಿ, ಬೆಂಚಿದ್ದಲ್ಲಿ ಕೂತುಕೊಳ್ಳಿ, ಮಿಕ್ಕಿದ್ದರ ಮುಂದೆ ತಪ್ಪಿತಸ್ಥ ಭಾವ ಇಲ್ಲದೆ ನಡೆದು ಬನ್ನಿ.

ಹೋದ ದಿನವೇ ಮುಚ್ಚಿದ್ರೆ?

ಮುಚ್ಚಿಯೇ ಇರುತ್ತದೆ, ನೋಡದೆ ಹೋದರೆ. ಲೂವ್ರ್‌ಗೆ ಮಂಗಳವಾರ ರಜೆ. ಅದೇ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂಗೆ ಸೋಮವಾರ. ಫ್ಲಾರೆನ್ಸಿನ ಉಫೀಝಿಗೂ ಸೋಮವಾರ. ತಾಜ್ ಮಹಲ್ ಶುಕ್ರವಾರ ಪ್ರವಾಸಿಗರಿಗೆ ಇಲ್ಲ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ಆದರೆ ತಿಂಗಳ ಕೊನೆಯ ಭಾನುವಾರ ತೆರೆದಿರುತ್ತದೆ, ಅದೂ ಪುಕ್ಕಟೆ, ಹಾಗಾಗಿ ಊರೆಲ್ಲ ಅಲ್ಲೇ ಇರುತ್ತದೆ. ಒಂದೇ ಊರಿನ ಎರಡು ಜಾಗಕ್ಕೆ ಎರಡು ರಜಾದಿನ ಇರುವಾಗ "ಸಾಮಾನ್ಯವಾಗಿ ತೆರೆದಿರುತ್ತೆ" ಅನ್ನುವ ಗೆಳೆಯನ ಮಾತು ನಂಬಬೇಡಿ. ಆ ಜಾಗದ ಸ್ವಂತ ವೆಬ್‌ಸೈಟಿನಲ್ಲೇ ನೋಡಿ. ಕೊನೆಯ ಪ್ರವೇಶದ ಹೊತ್ತು ಬೇರೆ, ಬಾಗಿಲು ಹಾಕುವ ಹೊತ್ತು ಬೇರೆ ಎಂಬುದೂ ನೆನಪಿರಲಿ.

ಟಿಕೆಟ್ ಮೊದಲೇ ತಗೋಬೇಕಾ?

ದೊಡ್ಡ ಜಾಗ ಒಂದಕ್ಕೆ ಮಾತ್ರ. ಆಮ್‌ಸ್ಟರ್‌ಡ್ಯಾಮಿನ ಆ್ಯನ್ ಫ್ರಾಂಕ್ ಮನೆಗೆ ಟಿಕೆಟ್ ಸಿಗುವುದೇ ಆನ್‌ಲೈನಿನಲ್ಲಿ, ಅದೂ ಇಂಥ ಹೊತ್ತಿಗೇ ಬನ್ನಿ ಎಂದು. ಬಾಗಿಲಿಗೆ ಹೋಗಿ ನಿಂತರೆ ಬಾಗಿಲು ನೋಡಿ ಬರಬೇಕು. ಇಂಥ ಜಾಗಗಳು ಎಲ್ಲ ಕಡೆ ಹೆಚ್ಚುತ್ತಿವೆ.

ಆದರೆ ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಮಯ ಕಟ್ಟಿದ ಟಿಕೆಟ್ ಬೇಡ. ಹತ್ತು ಗಂಟೆಗೊಂದು, ಒಂದು ಗಂಟೆಗೊಂದು, ನಾಲ್ಕಕ್ಕೊಂದು ಅಂತ ಇಟ್ಟುಕೊಂಡರೆ ಆಫೀಸಿನ ಮೀಟಿಂಗುಗಳನ್ನೇ ಹೊರಗೆ ತಂದ ಹಾಗೆ. ಎಲ್ಲರ ಟಿಕೆಟ್ಟೂ ಒಬ್ಬನ ಫೋನಿನಲ್ಲಿರುವುದೂ ಬೇಡ. ಅವನು ಇನ್ನೂ ಸ್ನಾನ ಮಾಡುತ್ತಿರುತ್ತಾನೆ.

ಹೊಸ ಊರಲ್ಲಿ ಒಳ್ಳೆ ಹೋಟೆಲು ಹುಡುಕೋದು ಹೇಗೆ?

ಹೆಚ್ಚು ಜನ ಕೇಳುವುದು ಇದನ್ನೇ. ನನ್ನ ಹತ್ತಿರ ಮಂತ್ರವಿಲ್ಲ, ಕೆಲವು ಗುರುತುಗಳಿವೆ.

ಪ್ರಸಿದ್ಧ ಸ್ಥಳದ ಬಾಗಿಲಿಗೆ ಎದುರಾಗಿರುವ ಹೋಟೆಲಿಗೆ ಗಿರಾಕಿ ಮತ್ತೊಮ್ಮೆ ಬರಬೇಕೆಂಬ ಅಗತ್ಯವಿಲ್ಲ. ನಾಳೆ ಬೇರೆ ಬಸ್ಸು ಬರುತ್ತದೆ, ಬೇರೆ ಜನ ಇಳಿಯುತ್ತಾರೆ. ಬಾಡಿಗೆಯೂ ಅಲ್ಲಿ ಜಾಸ್ತಿ. ಅದು ತಟ್ಟೆಯಿಂದಲೇ ಹೊರಡಬೇಕು. ಎರಡು ಬೀದಿ ಒಳಗೆ ಹೋದರೆ ದಿನವೂ ಅದೇ ಮುಖಗಳನ್ನು ನೋಡಿ ಬಡಿಸುವವರು ಸಿಗುತ್ತಾರೆ. ಕೆಟ್ಟದ್ದು ಹಾಕಿದರೆ ನಾಳೆ ಬೈಸಿಕೊಳ್ಳಬೇಕು ಎಂಬ ಭಯ ಅಡುಗೆಗೆ ಒಳ್ಳೆಯದು.

ಮೆನು ಚಿಕ್ಕದಿದ್ದಷ್ಟೂ ಧೈರ್ಯ. ನೂರಿಪ್ಪತ್ತು ಬಗೆ ಬರೆದಿರುವ ಅಡುಗೆಮನೆಯಲ್ಲಿ ನೂರಿಪ್ಪತ್ತು ಬಗೆಗೂ ತಾಜಾ ಸಾಮಾನು ಇರಲು ಸಾಧ್ಯವಿಲ್ಲ, ಫ್ರೀಜರ್ ಇರುತ್ತದೆ. ಪ್ರತಿ ತಿನಿಸಿಗೂ ಬಣ್ಣ ಮಾಸಿದ ಫೋಟೋ, ಐದಾರು ಭಾಷೆಯಲ್ಲಿ ಹೆಸರು, ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ ಮನುಷ್ಯ – ಮೂರೂ ಒಟ್ಟಿಗೆ ಇದ್ದರೆ ಮುಂದೆ ನಡೆಯಿರಿ. ಚೆನ್ನಾಗಿ ನಡೆಯುವ ಹೋಟೆಲಿನವನಿಗೆ ಬೀದಿಗೆ ಬಂದು ಕರೆಯಲು ಪುರುಸೊತ್ತಿರುವುದಿಲ್ಲ.

ಆನ್‌ಲೈನ್ ರೇಟಿಂಗ್ ನೋಡಬೇಡಿ ಅನ್ನುವುದಿಲ್ಲ. ಹೇಗೆ ನೋಡುತ್ತೀರಿ ಎನ್ನುವುದು ಮುಖ್ಯ. ಐದು ಸ್ಟಾರಿನ ಹೊಗಳಿಕೆಗಳನ್ನು ಬಿಟ್ಟು, ಇತ್ತೀಚಿನ ಎರಡು-ಮೂರು ಸ್ಟಾರಿನವನ್ನು ಓದಿ. "ಪಾರ್ಕಿಂಗ್ ಇಲ್ಲ, ಜನಜಂಗುಳಿ, ಸಪ್ಲೈಯರ್ ನಗಲಿಲ್ಲ" ಅಂತ ಬೈದಿದ್ದರೆ ಧಾರಾಳವಾಗಿ ಹೋಗಬಹುದು. "ಮೊದಲು ಚೆನ್ನಾಗಿತ್ತು" ಅಂತ ಮೂರು ಜನ ಬರೆದಿದ್ದರೆ ಬೇಡ, ಅಡುಗೆಯವನು ಬಿಟ್ಟುಹೋಗಿದ್ದಾನೆ.

ಇನ್ನು ಯಾರನ್ನು ಕೇಳುವುದು? "ಇಲ್ಲಿ ಒಳ್ಳೆಯ ಹೋಟೆಲು ಯಾವುದು?" ಅಂತ ಕೇಳಿದರೆ ನಿಮ್ಮ ಬಟ್ಟೆ ನೋಡಿ ದುಬಾರಿಯದ್ದು ಹೇಳುತ್ತಾರೆ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?" ಅಂತ ಕೇಳಿ. ಪುಸ್ತಕದ ಅಂಗಡಿಯವರು, ಔಷಧಿ ಅಂಗಡಿಯವರು, ಟಿಕೆಟ್ ಕೌಂಟರಿನವರು. ದಿನವೆಲ್ಲ ಅದೇ ಬೀದಿಯಲ್ಲಿರುವವರು ಹೇಳಿದ್ದು ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. ಕೇಳಿದ ಕೂಡಲೇ ಅವರ ಮುಖ ಒಂದು ಕ್ಷಣ ಬದಲಾಗುತ್ತದೆ, ಗಿರಾಕಿಯ ಜೊತೆ ಮಾತಾಡುವ ಮುಖ ಹೋಗಿ ಹಸಿದವರ ಮುಖ ಬರುತ್ತದೆ. ಅದನ್ನು ನೋಡಲಾದರೂ ಕೇಳಬೇಕು.

ಅರ್ಧ ಗಂಟೆ ಕ್ಯೂ ಇರೋ ಹೋಟೆಲಿಗೆ ನಿಲ್ಲಬೇಕಾ?

ಹೊಟ್ಟೆ ತುಂಬಿದ್ದರೆ ನಿಲ್ಲಿ. ಹಸಿದಿದ್ದರೆ ಬೇಡ.

ಆರ್ಡರ್ ಮಾಡೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ. ಆಮೇಲೆ ಪಕ್ಕದವನ ತಟ್ಟೆ ನೋಡಿ ಹೊಟ್ಟೆಕಿಚ್ಚು.

ಡ್ಯಾನ್ ಏರಿಯಲಿ, ಜೊನಾಥನ್ ಲೆವಾವ್ ಎಂಬಿಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದ್ದಾರೆ. ಒಂದೇ ಮೇಜಿನವರು ಬಾಯಿಬಿಟ್ಟು ಒಬ್ಬೊಬ್ಬರಾಗಿ ಆರ್ಡರ್ ಕೊಡುವಾಗ, ತಮಗಿಂತ ಮೊದಲಿನವನು ಹೇಳಿದ್ದನ್ನೇ ಹೇಳಬಾರದು ಎಂದು ಬೇರೆ ಏನನ್ನೋ ಹೇಳುತ್ತಾರೆ, ಆಮೇಲೆ ತಾವು ತರಿಸಿಕೊಂಡದ್ದರಲ್ಲಿ ಅಷ್ಟು ಖುಷಿ ಇರುವುದಿಲ್ಲ. ನಿಮಗೆ ಬೇಕಾದ್ದನ್ನು ಮೆನು ಮುಚ್ಚುವ ಮೊದಲೇ ಮನಸ್ಸಿನಲ್ಲಿ ಖಾಯಂ ಮಾಡಿ, ಪಕ್ಕದವನೂ ಅದನ್ನೇ ಹೇಳಿದರೆ ಹೇಳಲಿ.

ಹಂಚಿಕೊಂಡು ತಿನ್ನುವವರಾದರೆ ತಲೆಗೆ ಒಂದರಂತೆ ತರಿಸಬೇಡಿ. ನಾಲ್ವರಿಗೆ ಮೂರು ತರಿಸಿ, ಖಾಲಿಯಾದ ಮೇಲೆ ಯಾವುದು ಚೆನ್ನಾಗಿತ್ತೋ ಅದನ್ನೇ ಇನ್ನೊಮ್ಮೆ ಹೇಳಿ. ಮೊದಲ ಸುತ್ತಿನಲ್ಲೇ ಎಲ್ಲವನ್ನೂ ಹೇಳಿದವರು ಕೊನೆಗೆ "ಯಾರಾದ್ರೂ ಇದನ್ನ ಮುಗಿಸ್ರೋ" ಅಂತ ಬೇಡುತ್ತಿರುತ್ತಾರೆ.

ಬಿಲ್ಲು ಸಮ ಭಾಗ ಮಾಡೋದಾ, ತಿಂದಷ್ಟು ಕೊಡೋದಾ?

ಸ್ನೇಹ ಕೆಡುವುದು ಇಲ್ಲಿ, ಅದೂ ಸದ್ದಿಲ್ಲದೆ. ಅರ್ಥಶಾಸ್ತ್ರಜ್ಞ ಯೂರಿ ಗ್ನೀಜಿ ಮತ್ತು ಇಬ್ಬರು ಸಂಗಡಿಗರು ಇಸ್ರೇಲಿನ ಒಂದು ರೆಸ್ಟೋರೆಂಟಿನಲ್ಲಿ ಆರಾರು ಜನರ ಮೇಜುಗಳಿಗೆ ಊಟ ಕೊಟ್ಟು ಪರೀಕ್ಷಿಸಿ 2004ರಲ್ಲಿ ಬರೆದರು. ತಮ್ಮ ತಮ್ಮ ಪಾಲು ತಾವೇ ಕೊಡಬೇಕಿದ್ದ ಮೇಜಿನವರಿಗಿಂತ, ಬಿಲ್ಲು ಸಮನಾಗಿ ಹಂಚುವ ಮೇಜಿನವರು ಹೆಚ್ಚು ಬೆಲೆಯದ್ದನ್ನು ತರಿಸಿಕೊಂಡಿದ್ದರು. ಪೂರ್ತಿ ಪುಕ್ಕಟೆ ಎಂದವರದ್ದಂತೂ ಕೇಳಲೇಬೇಡಿ. ಅವರು ಕೆಟ್ಟವರಲ್ಲ. ನಾನು ಹೆಚ್ಚು ತಿಂದ ಪ್ರತಿ ರೂಪಾಯಿಯ ಆರನೇ ಒಂದು ಪಾಲಷ್ಟೇ ನನ್ನ ಜೇಬಿಂದ ಹೋಗುವುದು, ಮಿಕ್ಕವರೂ ಹಾಗೇ ಅಂದುಕೊಂಡಿರುತ್ತಾರೆ.

ನನ್ನ ಪದ್ಧತಿ: ಹಂಚಿಕೊಂಡು ತಿಂದದ್ದು, ಟ್ಯಾಕ್ಸಿ, ನೀರಿನ ಬಾಟಲಿ, ಇವೆಲ್ಲ ಸಮಪಾಲು. ಮದ್ಯ ಮತ್ತು ಒಬ್ಬನೇ ತರಿಸಿಕೊಂಡ ದುಬಾರಿ ಐಟಂ ಅವರವರದ್ದು. ಕುಡಿಯದವನ ತಲೆಗೆ ಕುಡಿದವರ ಬಿಲ್ಲು ಹಾಕಬೇಡಿ. ಅವನು ಏನೂ ಅನ್ನುವುದಿಲ್ಲ, ಮುಂದಿನ ಸಲ ಬರುವುದಿಲ್ಲ.

ಪ್ರತಿ ಮೇಜಿನಲ್ಲೂ ಲೆಕ್ಕ ಹಾಕುತ್ತ ಕೂರಬೇಡಿ. ಒಬ್ಬರು ಕೊಡಲಿ, ಅಲ್ಲೇ ಬರೆದುಕೊಳ್ಳಲಿ, ಕೊನೆಯ ದಿನ ಚುಕ್ತಾ. ಎಷ್ಟೇ ಗೋಜಲಾಗಿದ್ದರೂ ಐದು ಜನರ ಲೆಕ್ಕ ನಾಲ್ಕು ಪಾವತಿಯೊಳಗೆ ತೀರುತ್ತದೆ: ಕೊಡಬೇಕಾದವರು ಯಾರು, ಬರಬೇಕಾದವರು ಯಾರು ಎಂದು ಬರೀ ಅಂತಿಮ ಬಾಕಿ ನೋಡಿ, ಅತಿ ಹೆಚ್ಚು ಕೊಡಬೇಕಾದವನಿಂದ ಅತಿ ಹೆಚ್ಚು ಬರಬೇಕಾದವನಿಗೆ ಕಳಿಸುತ್ತ ಬನ್ನಿ. ಪ್ರತಿ ಪಾವತಿಗೂ ಒಬ್ಬನಾದರೂ ಸೊನ್ನೆಯಾಗುತ್ತಾನೆ. ಚುಕ್ತಾ ಮಾತ್ರ ರೈಲೋ ಬಸ್ಸೋ ಹತ್ತುವ ಮೊದಲೇ ಆಗಲಿ. ಮನೆ ಸೇರಿದ ಮೇಲೆ ಹಣ ಕೇಳುವವನೇ ಕೆಟ್ಟವನಾಗುತ್ತಾನೆ.

ಬೇರೆ ದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ "ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿನದರಲ್ಲಾ?" ಎಂದು ಕೇಳಿದರೆ ಅಲ್ಲಿನದನ್ನೇ ಒತ್ತಿ. ಇನ್ನೊಂದರಲ್ಲಿ ಅವರು ಇಟ್ಟ ದರಕ್ಕೆ ನೀವು ಒಪ್ಪಿದ ಹಾಗೆ. ಟಿಪ್ಸ್ ಕೊಡುವ ಮೊದಲು ಸರ್ವಿಸ್ ಚಾರ್ಜು ಬಿಲ್ಲಿನಲ್ಲೇ ಸೇರಿದೆಯಾ ನೋಡಿ.

ಗುಂಪಿನಲ್ಲಿ ಒಬ್ಬನ ಕೈಯಲ್ಲಿ ದುಡ್ಡು ಕಡಿಮೆ. ಹೇಗೆ ಕೇಳೋದು?

ಗ್ರೂಪಿನಲ್ಲಿ ಕೇಳಬೇಡಿ. ಹೊರಡುವ ಮೊದಲು ಎಲ್ಲರಿಗೂ ಬೇರೆಬೇರೆಯಾಗಿ ಒಂದೇ ಮೆಸೇಜು ಹಾಕಿ: "ಎರಡು ದಿನಕ್ಕೆ ಎಷ್ಟರೊಳಗೆ ಮುಗಿದರೆ ನಿನಗೆ ಸರಿ?" ಬಂದ ಉತ್ತರಗಳಲ್ಲಿ ಎಲ್ಲಕ್ಕಿಂತ ಕಡಿಮೆಯದ್ದೇ ಗುಂಪಿನ ಬಜೆಟ್ಟು. ಯಾರದ್ದೆಂದು ಹೇಳುವ ಅಗತ್ಯವಿಲ್ಲ. ದೊಡ್ಡ ಖರ್ಚಿನ ಊಟ ಬೇಕೇ ಬೇಕೆನ್ನುವವರು ಅದೊಂದನ್ನು ಐಚ್ಛಿಕ ಅಂತ ಮೊದಲೇ ಹೇಳಿ, ಆ ಹೊತ್ತಿಗೆ ಬೇರೆ ಏನು ಮಾಡಬಹುದೆಂದೂ ಹೇಳಿ.

ಸಸ್ಯಾಹಾರಿ ಇದಾರೆ, ಅಲರ್ಜಿ ಇರೋರೂ ಇದಾರೆ.

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ತಪ್ಪು. ಸಸ್ಯಾಹಾರಿಗೆ ತಪ್ಪಿ ಬಡಿಸಿದರೆ ಮನಸ್ಸಿಗೆ ನೋವು, ಅಲರ್ಜಿಯವರಿಗೆ ತಪ್ಪಿ ಬಡಿಸಿದರೆ ಆಸ್ಪತ್ರೆ. ಅಲರ್ಜಿ ಇರುವವರು ಆ ಊರಿನ ಭಾಷೆಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಲಿ: ಇಂಥದ್ದು ತಿಂದರೆ ಜೀವಕ್ಕೆ ಅಪಾಯ, ಅದೇ ಎಣ್ಣೆ, ಅದೇ ಚಮಚವೂ ಆಗದು. ಚೀಟಿ ಅಡುಗೆಮನೆಯವರೆಗೆ ಹೋಗುತ್ತದೆ, ಬಾಯಿಮಾತು ಸಪ್ಲೈಯರ್ ಹತ್ತಿರವೇ ನಿಲ್ಲುತ್ತದೆ. ಅವರ ಔಷಧಿ ಬ್ಯಾಗಿನ ಯಾವ ಜೇಬಿನಲ್ಲಿದೆ ಎಂದು ಇನ್ನೊಬ್ಬರಿಗಾದರೂ ಗೊತ್ತಿರಲಿ.

ಸಸ್ಯಾಹಾರಿಗಳು "ಮಾಂಸ ಇದೆಯಾ?" ಅಂತಷ್ಟೇ ಕೇಳಿದರೆ ಸಾಲದು. ಸೂಪಿನ ತಳದಲ್ಲಿ ಮೂಳೆಯ ಸಾರು, ಸಾಸಿನಲ್ಲಿ ಮೀನು ಇರುವುದುಂಟು. ಅದು ಬಹಳ ಕಡೆ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ.

ಬೀದಿ ತಿಂಡಿ ತಿನ್ನಬಹುದಾ?

ತಿನ್ನಿ, ಅದಿಲ್ಲದೆ ಊರು ನೋಡಿದ ಹಾಗಾಗುವುದಿಲ್ಲ. ಆದರೆ ಬಾಣಲೆ ನೋಡಿ ತಿನ್ನಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಅಂದರೆ ಬಿಸಿಬಿಸಿ ಇರಬೇಕು, ಇಲ್ಲವೇ ಕೊರೆಯುವ ತಂಪಿರಬೇಕು. ಉಗುರುಬೆಚ್ಚಗೆ ಕೂತಿರುವುದೇ ಕೆಡುಕು. ನಿಮ್ಮ ಕಣ್ಣೆದುರು ಒಲೆಯಿಂದ ಇಳಿದು ಕೈಗೆ ಬಂದದ್ದು, ರಾಶಿ ಹಾಕಿ ಮುಚ್ಚಿಟ್ಟದ್ದಕ್ಕಿಂತ ಮೇಲು. ಜನ ನಿಂತಿರುವ ಗಾಡಿ ಒಳ್ಳೆಯದೆನ್ನುವುದಕ್ಕೆ ಕಾರಣವೂ ಇದೇ, ಅಲ್ಲಿ ಯಾವುದೂ ತಣ್ಣಗಾಗುವಷ್ಟು ಹೊತ್ತು ಉಳಿಯುವುದಿಲ್ಲ. ಐಸು, ಕತ್ತರಿಸಿಟ್ಟ ಹಣ್ಣು ಬಿಡಿ.

ಗುಂಪಿಗೆ ಒಂದು ಕಿವಿಮಾತು: ಅನುಮಾನ ಬಂದ ತಿನಿಸನ್ನು ಎಲ್ಲರೂ ತಿನ್ನಬೇಡಿ. ಒಬ್ಬರಾದರೂ ನೆಟ್ಟಗಿದ್ದರೆ ಔಷಧಿ ತರಲು ಹೋಗುತ್ತಾರೆ. ಭೇದಿ ಶುರುವಾಗಿ ಓಆರ್‌ಎಸ್ ಪ್ಯಾಕೆಟ್ ಸಿಗದ ರಾತ್ರಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ ಮಾಡಿ ಹಾಕಿ. ಜ್ವರ ಬಂದರೆ, ರಕ್ತ ಕಂಡರೆ ಇದನ್ನೆಲ್ಲ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಒಬ್ಬನು ಐದಕ್ಕೇ ಏಳ್ತಾನೆ, ಇನ್ನೊಬ್ಬಳು ಹತ್ತಕ್ಕೆ. ಒಟ್ಟಿಗೆ ಹೇಗೆ ಸುತ್ತೋದು?

ಒಟ್ಟಿಗೆ ಸುತ್ತಬೇಡಿ. ಐದಕ್ಕೆ ಎದ್ದವನು ಖಾಲಿ ಬೀದಿಗಳ ಫೋಟೋ ತೆಗೆದುಕೊಂಡು ಬರಲಿ, ಹತ್ತಕ್ಕೆ ಏಳುವವಳು ಮಲಗಲಿ. ಮಧ್ಯಾಹ್ನದ ಊಟಕ್ಕೆ ಇಂಥ ಬಾಗಿಲ ಮುಂದೆ, ಇಷ್ಟು ಹೊತ್ತಿಗೆ ಎಂದು ಗೊತ್ತು ಮಾಡಿದರೆ ಸಾಕು. ಊಟದ ಹೊತ್ತು ಮೊದಲೇ ಗೂಟ ಹೊಡೆದಂತೆ ಇರಬೇಕು ಅಂದದ್ದು ಇದಕ್ಕೂ ಕೂಡ. ಬೇರೆಬೇರೆ ನೋಡಿ ಬಂದವರಿಗೆ ಮೇಜಿನ ಮೇಲೆ ಮಾತಿಗೆ ಬರವಿರುವುದಿಲ್ಲ. ಇಡೀ ದಿನ ಒಂದೇ ನೋಡಿದವರು ಫೋನು ನೋಡುತ್ತ ತಿನ್ನುತ್ತಾರೆ.

ಸೇರುವ ಜಾಗ ಕಣ್ಣಿಗೆ ಕಾಣುವಂಥದ್ದಿರಲಿ: ಗಡಿಯಾರದ ಕೆಳಗೆ, ಕಾರಂಜಿಯ ಪಕ್ಕ. ಲೈವ್ ಲೊಕೇಶನ್ ನಂಬಿ ಒಂದೇ ಕಟ್ಟಡದ ಎರಡು ಬದಿಯಲ್ಲಿ ನಿಂತು ಇಪ್ಪತ್ತು ನಿಮಿಷ "ಎಲ್ಲಿದೀಯಾ, ನಾನಿಲ್ಲೇ ಇದೀನಿ" ಅಂದಿದ್ದೇವೆ.

ನಡೆಯೋದು ಎಷ್ಟಾಗುತ್ತೆ?

ನೀವು ಅಂದುಕೊಂಡದ್ದರ ಎರಡರಷ್ಟು. ಸಂಜೆ ಫೋನು 20,000 ಹೆಜ್ಜೆ ತೋರಿಸಿದರೆ ಹೆಚ್ಚುಕಡಿಮೆ 14 ಕಿಲೋಮೀಟರ್. ಹೊಸ ಶೂ ಬೇಡವೇ ಬೇಡ. ಹಿಮ್ಮಡಿ ಉರಿಯತೊಡಗಿದ ಕೂಡಲೇ, ಗುಳ್ಳೆ ಏಳುವ ಮೊದಲೇ, ನಾಚಿಕೊಳ್ಳದೆ ನಿಂತು ಪಟ್ಟಿ ಹಾಕಿ.

ಕೊನೆ ದಿನ ರೂಮು ಖಾಲಿ ಮಾಡಿದ ಮೇಲೆ ಲಗೇಜು?

ಉಳಿದುಕೊಂಡಲ್ಲೇ ಇಟ್ಟುಕೊಳ್ಳುತ್ತೀರಾ ಎಂದು ಬುಕ್ ಮಾಡುವಾಗಲೇ ಕೇಳಿ. ಇಲ್ಲವಾದರೆ ನಿಲ್ದಾಣದ ಲಾಕರ್. ಗಾಲಿಯ ಸೂಟ್‌ಕೇಸು ಎಳೆದುಕೊಂಡು ಯಾವ ಊರೂ ಚೆನ್ನಾಗಿ ಕಾಣುವುದಿಲ್ಲ.

ಫೋನು ಮಧ್ಯಾಹ್ನಕ್ಕೇ ಸತ್ತು ಹೋಗುತ್ತೆ.

ಊರಿನ ಮ್ಯಾಪನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದಾರಿ ತೋರಿಸಲು ಒಂದು ಹೊತ್ತಿಗೆ ಒಂದೇ ಫೋನು, ಮಿಕ್ಕವು ಜೇಬಿನಲ್ಲಿ. ಪವರ್‌ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್.

ಫೋಟೋ ತೆಗೆಯೋರಿಂದ ಊಟ ತಣ್ಣಗಾಗುತ್ತೆ.

ತಟ್ಟೆಗೆ ಒಂದು ಕ್ಲಿಕ್, ಅದೂ ಒಬ್ಬರದು, ಆಮೇಲೆ ಗ್ರೂಪಿಗೆ ಹಾಕಲಿ. ಊರಿನ ಫೋಟೋಗೆ ಒಳ್ಳೆಯ ಹೊತ್ತು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು-ಮೂವತ್ತು ನಿಮಿಷ. ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ, ಬೀದಿದೀಪ ಹತ್ತಿರುತ್ತದೆ, ಎರಡರ ಬೆಳಕೂ ಸರಿಸಮ ಇರುತ್ತದೆ. ಪೂರ್ತಿ ಕತ್ತಲಾದರೆ ದೀಪವಷ್ಟೇ ಬರುತ್ತದೆ. ಇಂಥ ಸಂಜೆಯಲ್ಲಿ ರಾತ್ರಿ ಊಟವನ್ನು ಒಂದು ಗಂಟೆ ಮುಂದೆ ಹಾಕಿಕೊಳ್ಳಿ, ಐದು ಗಂಟೆಗೇ ಏನಾದರೂ ಸಣ್ಣದು ತಿಂದಿರಿ. ಎಲ್ಲರ ಫೋಟೋ ತೆಗೆದವನದ್ದೂ ಒಂದು ತೆಗೆಯಿರಿ, ಪಾಪ.

"ನೋಡಲೇಬೇಕಾದ" ಜಾಗ ಬಿಟ್ಟು ಬಂದ್ರೆ ಜನ ಏನಂತಾರೆ?

ಏನಾದರೂ ಅನ್ನಲಿ. ಐಫೆಲ್ ಗೋಪುರ ಕಟ್ಟುವುದು ಬೇಡವೆಂದು 1887ರಲ್ಲಿ ಪತ್ರಕ್ಕೆ ಸಹಿ ಹಾಕಿದ ಲೇಖಕ-ಕಲಾವಿದರಲ್ಲಿ ಮೊಪಾಸಾ ಕೂಡ ಒಬ್ಬ. ಕಟ್ಟಿದ ಮೇಲೆ ಆತ ಅದರೊಳಗಿನ ರೆಸ್ಟೋರೆಂಟಿನಲ್ಲೇ ಊಟ ಮಾಡುತ್ತಿದ್ದನಂತೆ, ಯಾಕೆಂದರೆ ಪ್ಯಾರಿಸ್ಸಿನಲ್ಲಿ ಆ ಗೋಪುರ ಕಣ್ಣಿಗೆ ಬೀಳದ ಜಾಗ ಅದೊಂದೇ! ನಿಜವೋ ಕಟ್ಟುಕತೆಯೋ, ಅದರಲ್ಲೊಂದು ಉಪಯೋಗದ ಮಾತಿದೆ: ಮೇಲೆ ಹತ್ತಿದರೆ ಊರು ಕಾಣುತ್ತದೆ, ಗೋಪುರ ಕಾಣುವುದಿಲ್ಲ. ಎತ್ತರದ ಕಟ್ಟಡವನ್ನು ದೂರದ ಒಂದು ಬೆಂಚಿನಿಂದ, ಕೈಯಲ್ಲಿ ತಿನ್ನಲು ಏನಾದರೂ ಹಿಡಿದುಕೊಂಡು ನೋಡುವುದೇ ನನಗಿಷ್ಟ. ಕ್ಯೂ ಕೂಡ ಇರುವುದಿಲ್ಲ.

ಮಳೆ ಬಂದ್ರೆ?

ಮಾರುಕಟ್ಟೆಯ ಮಾಡಿನಡಿ ಹೋಗಿ ನಿಲ್ಲಿ. ಎಲ್ಲರೂ ಮ್ಯೂಸಿಯಂಗೆ ಓಡಿರುತ್ತಾರೆ.

ಜಗಳ ಆಗೇಹೋಯ್ತು. ಈಗ?

ಹೊತ್ತು ನೋಡಿ. ಕೊನೆಯ ಸಲ ತಿಂದು ನಾಲ್ಕು ಗಂಟೆ ದಾಟಿದ್ದರೆ ಯಾರ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೂತು ತಿಂದಾದ ಮೇಲೂ ಜಗಳ ಉಳಿದಿದ್ದರೆ ಅದು ನಿಜವಾದದ್ದು. ಅವರಿಬ್ಬರನ್ನು ಬಿಟ್ಟು ಮಿಕ್ಕವರು ಒಂದು ಸುತ್ತು ನಡೆದು ಬನ್ನಿ.

ಎಲ್ಲಕ್ಕಿಂತ ಒಳ್ಳೆ ಊಟ ಮೊದಲ ರಾತ್ರಿಗಾ, ಕೊನೆಗಾ?

ಕೊನೆಗೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಜನ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಮೇಲೆ ಇನ್ನೂ 30. ಆ ಕೊನೆಯ ಹೊತ್ತಿನಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತಿತ್ತು. ಮತ್ತೆ ಯಾವುದು ಬೇಕೆಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಹೆಚ್ಚೇ, ಆದರೆ ಮುಗಿದದ್ದು ಹದವಾಗಿ. ನಾನಂತೂ ಇದನ್ನು ಓದಿದ ಮೇಲೆ ಕೊನೆಯ ಊಟವನ್ನು ನಿಲ್ದಾಣದ ಒಣ ಸ್ಯಾಂಡ್‌ವಿಚ್ಚಿಗೆ ಬಿಡುವುದನ್ನು ನಿಲ್ಲಿಸಿದೆ. ರೈಲಿಗೆ ಮೂರು ಗಂಟೆ ಮೊದಲು, ನಿಲ್ದಾಣದಿಂದ ನಡೆಯುವ ದೂರದಲ್ಲಿ ಒಂದು ಮೇಜು ಕಾಯ್ದಿರಿಸಿಬಿಡುತ್ತೇನೆ. ಲಗೇಜು ಮೇಜಿನ ಕೆಳಗೆ, ಲೆಕ್ಕದ ಚುಕ್ತಾ ಅಲ್ಲೇ.

ಮುಂದಿನ ಸಲ ಪ್ಲಾನು ಯಾರು ಮಾಡಬೇಕು?

ಈ ಸಲ ಮೊದಲು ಯಾರು "ನನಗೆ ಆ ಹೋಟೆಲು ಇಷ್ಟವೇ ಇರಲಿಲ್ಲ, ನೀವೆಲ್ಲ ಹೊರಟಿರಲ್ಲ ಅಂತ ಬಂದೆ" ಅನ್ನುತ್ತಾರೋ ಅವರು.